ಕಂಪವಾತಕ್ಕೆ ನಸುಗುನ್ನಿ: ನನ್ನ ಚಿಕಿತ್ಸಾನುಭವ

ಕಂಪವಾತಕ್ಕೆ, ಅಂದರೆ ಪಾರ್ಕಿನ್ಸನ್ ಕಾಯಿಲೆಗೆ, ಗುಳಿಗೆ ನುಂಗುತ್ತಿರುವವರು ನಸುಗುನ್ನಿ ಬಳ್ಳಿಯ ಬೀಜದ ಚೂರ್ಣ ಬೇಕೆಂದು ನನ್ನ ಚಿಕಿತ್ಸಾಲಯಕ್ಕೆ ಬಂದರೆ, ನಾಡಿ ಹಿಡಿಯುವ ಮೊದಲೇ ನಾನು ನರರೋಗ ತಜ್ಞರ ಚೀಟಿಯನ್ನು ಕೇಳಿ ಪಡೆಯುತ್ತೇನೆ. 'ಗಿಡಮೂಲಿಕೆ ತಾನೆ, ಜೊತೆಗೆ ತೆಗೆದುಕೊಂಡರೆ ಏನಾಗುತ್ತದೆ?' ಎನ್ನುವವರಿಗೆ ಮೆದುಳಿನಲ್ಲಿ ಕೊರತೆಯಾದ ಡೋಪಮೈನ್ ಆಗಿ ಮಾರ್ಪಡುವ, ಅವರ ಗುಳಿಗೆಯಲ್ಲಿರುವ ಲೆವೊಡೋಪಾವೇ ಈ ಬೀಜದಲ್ಲೂ ನೂರಕ್ಕೆ ಸುಮಾರು 4ರಿಂದ 6ರಷ್ಟು ಇದೆ ಎಂದು ವಿವರಿಸುತ್ತೇನೆ. ಮದರಾಸಿನ ವಿಜ್ಞಾನಿಗಳಾದ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲಿಯೇ ಅದನ್ನು ಈ ಬೀಜದಿಂದ ಬೇರ್ಪಡಿಸಿದ್ದರು.

ಬೀಜದ ಶೋಧನೆಯನ್ನು (ಶುದ್ಧೀಕರಣವನ್ನು) ನಾನೇ ಮಾಡಿಸುತ್ತೇನೆ. ಬಟ್ಟೆಯಲ್ಲಿ ಗಂಟು ಕಟ್ಟಿದ ಬೀಜಗಳನ್ನು ದೋಲಾಯಂತ್ರದಲ್ಲಿ (ಗಂಟನ್ನು ತೂಗುಬಿಡುವ ಪಾತ್ರೆಯಲ್ಲಿ) ಹಸುವಿನ ಹಾಲಿಗೆ ಇಳಿಬಿಟ್ಟು ಮಂದ ಉರಿಯಲ್ಲಿ ಬೇಯಿಸಬೇಕು. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒತ್ತಿದಾಗ ಸಿಪ್ಪೆ ಜಾರಿ ಬೆಳ್ಳನೆಯ ಬೇಳೆ ಹೊರಬಂದರೆ ಪಾಕ ಸರಿಯಾಗಿದೆ ಎಂದರ್ಥ. ಬೇಳೆಯನ್ನು ತೊಳೆದು, ಚೆನ್ನಾಗಿ ಒಣಗಿಸಿ, ಪುಡಿ ಮಾಡಿ ವಸ್ತ್ರಗಾಲಿತ ಮಾಡುತ್ತೇವೆ, ಅಂದರೆ ಬಟ್ಟೆಯಲ್ಲಿ ಸೋಸುತ್ತೇವೆ.

ಅನುಪಾನದ, ಅಂದರೆ ಔಷಧಿಯನ್ನು ಯಾವುದರೊಂದಿಗೆ ಕೊಡಬೇಕೆಂಬ, ವಿಷಯದಲ್ಲಿ ನಾನು ರೂಢಿಯಿಂದ ಸ್ವಲ್ಪ ಸರಿದಿದ್ದೇನೆ. ಹಾಲಿನೊಂದಿಗೆ ಕೊಡುವುದು ವಾಡಿಕೆಯಾದರೂ, ಪ್ರೋಟೀನ್ ಲೆವೊಡೋಪಾ ಹೀರಿಕೆಗೆ ಅಡ್ಡಿಯಾಗುವುದರಿಂದ ಊಟಕ್ಕೆ ಸಾಕಷ್ಟು ಮೊದಲೇ ಬಿಸಿನೀರಿನಲ್ಲಿ ಕದಡಿ ಕುಡಿಸುತ್ತೇನೆ. ಗುಳಿಗೆಯಲ್ಲಿ ಜೊತೆಗಿರುವ ಕಾರ್ಬಿಡೋಪಾ ಬೀಜದಲ್ಲಿ ಇಲ್ಲದ ಕಾರಣ, ಹೆಚ್ಚಿನ ಲೆವೊಡೋಪಾ ಮೆದುಳನ್ನು ತಲುಪುವ ಮೊದಲೇ ದೇಹದಲ್ಲಿ ಡೋಪಮೈನ್ ಆಗಿ ಮಾರ್ಪಟ್ಟು ವಾಕರಿಕೆ ತರಬಹುದು; ಆದ್ದರಿಂದ ಅತಿ ಕಡಿಮೆ ಪ್ರಮಾಣದಿಂದ ಆರಂಭಿಸುತ್ತೇನೆ.

ಪರಿಣಾಮವನ್ನು ಅಳೆಯಲು ನನಗೆ ಹೆಚ್ಚು ನೆರವಾದದ್ದು ಗೆರೆಯಿಲ್ಲದ ಒಂದು ನೋಟ್‌ಬುಕ್. ಪ್ರತಿ ಭೇಟಿಯಲ್ಲೂ ರೋಗಿಯಿಂದ ಒಂದೇ ವಾಕ್ಯವನ್ನು ಬರೆಸಿ, ಪಕ್ಕದಲ್ಲಿ ಔಷಧಿ ತೆಗೆದುಕೊಂಡ ಹೊತ್ತನ್ನು ಗುರುತಿಸುತ್ತೇನೆ. ಅಡಿಕೆ ಬೆಳೆಗಾರರೊಬ್ಬರ ಅಕ್ಷರಗಳು ಸಾಲಿನ ಕೊನೆಗೆ ಬರುವಷ್ಟರಲ್ಲಿ ಕುಗ್ಗಿ, ಒತ್ತಕ್ಷರಗಳೆಲ್ಲ ಮೇಲಿನ ಅಕ್ಷರಕ್ಕೆ ಅಂಟಿಕೊಳ್ಳುತ್ತಿದ್ದವು. ಚಿಕಿತ್ಸೆ ಹೊಂದಿಕೊಂಡ ಮೇಲೆ ಅದೇ ವಾಕ್ಯದ ಒತ್ತುಗಳು ಬಿಡಿಬಿಡಿಯಾಗಿ ಕಾಣತೊಡಗಿದಾಗ ಅವರಿಗಿಂತ ಹೆಚ್ಚು ಸಂತೋಷ ನನಗಾಯಿತು. ಹಾಗೆಂದು ಕಾಯಿಲೆ ಗುಣವಾಯಿತೆಂದು ನಾನು ಹೇಳಲಿಲ್ಲ. ಲಕ್ಷಣಗಳು ತಗ್ಗುವುದು ಬೇರೆ, ನರಕೋಶಗಳ ನಾಶ ನಿಲ್ಲುವುದು ಬೇರೆ. 2004ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನದಲ್ಲಿ 30 ಗ್ರಾಂ ನಸುಗುನ್ನಿ ಸಿದ್ಧೌಷಧವು ಗುಳಿಗೆಗಿಂತ ಬೇಗ ಕೆಲಸ ಮಾಡಿ ಹೆಚ್ಚು ಹೊತ್ತು ಉಳಿದದ್ದು ನಿಜ, ಆದರೆ ಅದರಲ್ಲಿದ್ದ ರೋಗಿಗಳು ಕೇವಲ 8 ಮಂದಿ.

ಇಲ್ಲದ್ದನ್ನು ಇದ್ದಂತೆ ಕಾಣುವ ಭ್ರಮೆಯ ಲಕ್ಷಣವಿರುವವರಿಗೆ ನಾನು ಇದನ್ನು ಕೊಡುವುದಿಲ್ಲ. ಗುಳಿಗೆಯನ್ನು ಥಟ್ಟನೆ ನಿಲ್ಲಿಸಿದರೆ ಮೈ ಸೆಟೆದು ಜ್ವರವೇರಿ ಪ್ರಾಣಕ್ಕೇ ಅಪಾಯವಾಗಬಹುದಾದ್ದರಿಂದ, ಅದನ್ನು ಇಳಿಸುವ ನಿರ್ಧಾರವನ್ನು ನರರೋಗ ತಜ್ಞರಿಗೇ ಬಿಡುತ್ತೇನೆ. ಬೀಜದ ಸತ್ವ ಬೆಳೆಯಿಂದ ಬೆಳೆಗೆ ವ್ಯತ್ಯಾಸವಾಗುವ ಕಾರಣ, ಹೊಸ ಪುಡಿ ಬಂದಾಗಲೆಲ್ಲ ಪ್ರಯೋಗಾಲಯದಲ್ಲಿ ಲೆವೊಡೋಪಾ ಪ್ರಮಾಣವನ್ನು ಪರೀಕ್ಷಿಸಿಯೇ ಸೇವನೆಯ ಅಳತೆಯನ್ನು ಮತ್ತೆ ನಿಗದಿ ಮಾಡುತ್ತೇನೆ.