ಎರಡು ಬೆಳೆಯ ನಡುವೆ ಒಂದು ಸಿನಿಮಾ: ಮನೆಮಂದಿಯೆಲ್ಲ ಮತ್ತೆ ಮತ್ತೆ ನೋಡುವ ಅನಿಮೇಷನ್ ಚಿತ್ರ ಆರಿಸುವುದು ಹೇಗೆ

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ರೇಷ್ಮೆ ಬೆಳೆ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಹುಳು ಇರುವಷ್ಟು ದಿನ ಮನೆಯಲ್ಲಿ ಯಾರಿಗೂ ಬಿಡುವಿಲ್ಲ. ಗೂಡು ಬಿಡಿಸಿ, ಮಾರ್ಕೆಟ್‌ಗೆ ಹಾಕಿ, ಹುಳು ಮನೆ ತೊಳೆದು, ಬ್ಲೀಚಿಂಗ್ ಪೌಡರ್ ಹೊಡೆದು ಬಾಗಿಲು ಮುಚ್ಚಿದ ಮೇಲೆ ಒಂದಷ್ಟು ದಿನ ಕೈ ಖಾಲಿ ಇರುತ್ತದೆ. ಆಗ ಒಂದು ರಾತ್ರಿ ನಡುಮನೆಯ ಗೋಡೆಗೆ ಬಿಳಿ ಪಂಚೆ ಕಟ್ಟಿ, ಪ್ರೊಜೆಕ್ಟರ್ ಇಟ್ಟು, 11 ಜನ ಒಟ್ಟಿಗೆ ಕೂತು ಅನಿಮೇಷನ್ ಸಿನಿಮಾ ನೋಡುತ್ತೇವೆ. ನಮ್ಮತ್ತೆಗೆ 76 ವರ್ಷ, ನನ್ನ ಮಗಳಿಗೆ 6.

ಇಂಥ ರಾತ್ರಿ ವರ್ಷಕ್ಕೆ ಐದಾರು ಸಲ ಸಿಗಬಹುದು, ಅಷ್ಟೇ. ಹಾಗಾಗಿ ಸಿಕ್ಕಿದ್ದನ್ನು ಹಾಕುವುದು ನನಗಾಗದು. ಒಮ್ಮೆ ಹಾಗೆ ಮಾಡಿದ್ದೆ. ಎಲ್ಲರೂ ನೋಡುತ್ತಿದ್ದಾರೆ ಅಂತ ಒಂದು ಹೊಸ ಸಿನಿಮಾ ಹಾಕಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಮಾರನೇ ದಿನ ಕೇಳಿದರೆ ಕತೆ ಒಬ್ಬರಿಗೂ ನೆನಪಿರಲಿಲ್ಲ. ಅವತ್ತಿನಿಂದ ನಾನು ಮೊದಲು ಒಬ್ಬಳೇ ನೋಡಿ ಆಮೇಲೆ ಆರಿಸುತ್ತೇನೆ. ಕೊನೆ ಗೊತ್ತಿದ್ದೂ ಮತ್ತೆ ನೋಡಬೇಕು ಅನ್ನಿಸುವುದೇ ಉಳಿಯುವ ಸಿನಿಮಾ. ಅದನ್ನು ಮೊದಲೇ ಹೇಗೆ ಗುರುತಿಸುವುದು ಅನ್ನುವುದನ್ನು ನಾನು ಕಂಡುಕೊಂಡ ಹಾಗೆ ಹೇಳುತ್ತೇನೆ.

ಮೊದಲು ಸೌಂಡ್ ಪೂರ್ತಿ ಆಫ್ ಮಾಡಿ ಹತ್ತು ನಿಮಿಷ ನೋಡಿ. ಯಾರು ಯಾರ ಮೇಲೆ ಕೋಪ ಮಾಡಿಕೊಂಡಿದ್ದಾರೆ, ಯಾರಿಗೆ ಭಯ, ಯಾರು ಸುಳ್ಳು ಹೇಳುತ್ತಿದ್ದಾರೆ ಅಂತ ಗೊತ್ತಾಗುತ್ತಾ? ಗೊತ್ತಾದರೆ ಚಿತ್ರ ಬರೆದವರು ಕೆಲಸ ಸರಿಯಾಗಿ ಮಾಡಿದ್ದಾರೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟು (ಫ್ರೇಮ್) ಓಡುತ್ತವೆ. ಕೈಯಲ್ಲಿ ಬರೆದ ಅನಿಮೇಷನ್‌ನಲ್ಲಿ ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಚೌಕಟ್ಟಿನಷ್ಟು ಹೊತ್ತು ನಿಲ್ಲಿಸುತ್ತಾರೆ. ಅಂದರೆ ಸೆಕೆಂಡಿಗೆ 12 ಚಿತ್ರ. ಶಾಲೆಯಲ್ಲಿ ಮಕ್ಕಳಿಗೆ ನೋಟ್‌ಬುಕ್ಕಿನ ಮೂಲೆಯಲ್ಲಿ ಕುಣಿಯುವ ಚೆಂಡು ಬರೆಸುತ್ತೇನೆ. ಎರಡು ಸೆಕೆಂಡಿನ ಚೆಂಡಿಗೆ 24 ಹಾಳೆ ಬರೆದವನಿಗೆ ಒಂದು ಕಣ್ರೆಪ್ಪೆ ಅಲುಗಾಡಿಸುವುದು ಎಷ್ಟು ಕೆಲಸ ಅನ್ನುವುದು ಕೈಗೇ ತಿಳಿಯುತ್ತದೆ.

ನಮ್ಮ ಮನೆಗೆ ಈ ಪರೀಕ್ಷೆ ಇನ್ನೊಂದು ಕಾರಣಕ್ಕೂ ಬೇಕು. ನಾವು ನೋಡುವ ಎಷ್ಟೋ ಸಿನಿಮಾ ಕನ್ನಡದಲ್ಲಿ ಸಿಗುವುದಿಲ್ಲ. ನಮ್ಮತ್ತೆಯ ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಇಂಗ್ಲಿಷ್ ಬರುವುದಿಲ್ಲ. ಶುರು ಮಾಡುವ ಮುಂಚೆ ಕತೆಯನ್ನು ಎರಡು ಮಾತಲ್ಲಿ ಹೇಳುತ್ತೇನೆ. ಆಮೇಲೂ ನಿಮಿಷಕ್ಕೊಂದು ಸಲ ವಿವರಿಸಬೇಕಾದರೆ ಆ ಸಿನಿಮಾ ಮನೆಮಂದಿಗಲ್ಲ.

2009ರ ‘ಅಪ್’ ಹಾಕಿದ ರಾತ್ರಿ ಹೇಳುತ್ತೇನೆ ಕೇಳಿ. ಅದರ ಮೊದಲ ಭಾಗದಲ್ಲಿ ಒಂದು ಗಂಡ ಹೆಂಡತಿಯ ಇಡೀ ಬಾಳು ನಾಲ್ಕೈದು ನಿಮಿಷದಲ್ಲಿ ಬಂದು ಹೋಗುತ್ತದೆ. ಮಾತೇ ಇಲ್ಲ, ಬರೀ ಸಂಗೀತ. ದೂರದ ಒಂದು ಜಲಪಾತ ನೋಡಬೇಕು ಅಂತ ಇಬ್ಬರೂ ಗಾಜಿನ ಜಾಡಿಯಲ್ಲಿ ಕಾಸು ಕೂಡಿಡುತ್ತಾರೆ. ಗಾಡಿಯ ಟೈರ್ ಹೋಯಿತು, ಜಾಡಿ ಒಡೆದರು. ಗಂಡನ ಕಾಲು ಮುರಿಯಿತು, ಮತ್ತೆ ಒಡೆದರು. ಮನೆ ಮೇಲೆ ಮರ ಬಿತ್ತು, ಮತ್ತೆ. ನಾನು ಏನೂ ವಿವರಿಸಲಿಲ್ಲ. ಅತ್ತೆಯೇ ಕತ್ತಲಲ್ಲಿ ಮೆಲ್ಲಗೆ ಹೇಳಿದರು: “ನಾವೂ ಕಾಶಿಗೆ ಅಂತ ಎತ್ತಿಟ್ಟಿದ್ವಲ್ಲ, ಬೋರ್‌ವೆಲ್‌ಗೆ ಹೋಯ್ತು.” ಎರಡನೇ ಸಲ ಎತ್ತಿಟ್ಟಿದ್ದೂ ಬೋರ್‌ವೆಲ್‌ಗೇ ಹೋಗಿತ್ತು. ನಮ್ಮ ಕಡೆ ಸಾವಿರ ಅಡಿ ಕೊರೆದರೂ ಧೂಳು ಬರುವುದು ಹೊಸದಲ್ಲ. ಮಾವನವರು ಕಾಶಿ ನೋಡದೆಯೇ ಹೋದರು.

ಅದೇ ಹೊತ್ತಿಗೆ ನನ್ನ ಮಗಳು ಬಲೂನುಗಳನ್ನು ಎಣಿಸುತ್ತಾ ಕೂತಿದ್ದಳು. ಒಂದೇ ಪಂಚೆಯ ಮೇಲೆ ಅಜ್ಜಿಗೊಂದು ಸಿನಿಮಾ, ಮೊಮ್ಮಗಳಿಗೊಂದು ಸಿನಿಮಾ. ಸಿನಿಮಾ ಆರಿಸುವಾಗ ನೀವು ಹುಡುಕಬೇಕಾದದ್ದು ಇದನ್ನೇ. ಮಕ್ಕಳ ತಲೆಯ ಮೇಲಿಂದ ದೊಡ್ಡವರಿಗಾಗಿ ಹಾರಿಸುವ ತುಂಟ ಜೋಕು ಈ ಕೆಲಸ ಮಾಡುವುದಿಲ್ಲ. ಒಂದೇ ದೃಶ್ಯ ಇಬ್ಬರಿಗೂ ಅವರವರ ವಯಸ್ಸಿಗೆ ತಕ್ಕ ಹಾಗೆ ಅರ್ಥವಾಗಬೇಕು.

ಆ ವರ್ಷದ ಜಾಹೀರಾತು, ಆ ವರ್ಷದ ಹಾಡು, ಆ ವರ್ಷದ ನಟರನ್ನು ಅಣಕಿಸುವ ಜೋಕೇ ಜಾಸ್ತಿ ಇದ್ದರೆ ಬಿಟ್ಟುಬಿಡಿ. ಹತ್ತು ವರ್ಷ ಕಳೆದರೆ ಆ ಜೋಕಿಗೆ ಟಿಪ್ಪಣಿ ಬೇಕಾಗುತ್ತದೆ.

ಇನ್ನು ಸುಮ್ಮನಿರುವ ಜಾಗ. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಗುರುತು ಇದೇ. 1988ರ ಜಪಾನಿನ ‘ಮೈ ನೇಬರ್ ಟೊಟೊರೊ’ ನೋಡಿ. ಹಯಾವೊ ಮಿಯಾಝಾಕಿ ಅವರ ಚಿತ್ರ. 86 ನಿಮಿಷ, ಕೈಯಲ್ಲಿ ಬರೆದದ್ದು. ಖಳನಾಯಕ ಇಲ್ಲ, ಯುದ್ಧ ಇಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ, ಇಬ್ಬರು ಹೆಣ್ಣುಮಕ್ಕಳು ಅಪ್ಪನ ಜೊತೆ ಹಳ್ಳಿಗೆ ಬಂದಿದ್ದಾರೆ. ಒಂದು ಸಂಜೆ ಮಳೆಯಲ್ಲಿ ಅಪ್ಪನಿಗಾಗಿ ಬಸ್‌ಸ್ಟಾಪಿನಲ್ಲಿ ಕಾಯುತ್ತಾರೆ. ಚಿಕ್ಕವಳು ಅಕ್ಕನ ಬೆನ್ನ ಮೇಲೆ ನಿದ್ದೆ ಹೋಗುತ್ತಾಳೆ. ಕತ್ತಲಾಗುತ್ತದೆ. ಪಕ್ಕದಲ್ಲಿ ಒಂದು ದೊಡ್ಡ ಪ್ರಾಣಿ ತಲೆ ಮೇಲೆ ಎಲೆ ಇಟ್ಟುಕೊಂಡು ಬಂದು ನಿಲ್ಲುತ್ತದೆ. ಅಕ್ಕ ಅದಕ್ಕೆ ಕೊಡೆ ಕೊಡುತ್ತಾಳೆ. ಕೊಡೆಯ ಮೇಲೆ ಹನಿ ಬಿದ್ದ ಸದ್ದು ಕೇಳಿ ಅದಕ್ಕೆ ಖುಷಿಯೋ ಖುಷಿ. ನಡೆಯುವುದು ಇಷ್ಟೇ. ಯಾರೂ ಅವಸರ ಮಾಡುವುದಿಲ್ಲ.

ರೇಷ್ಮೆ ಮನೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಚರ್ಮ ಕಳಚುವ ಮುಂಚೆ ಹುಳು ಸೊಪ್ಪು ಬಿಟ್ಟು ಕೂರುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಅಲುಗಾಡದೆ ಇರುತ್ತದೆ. ಸೊಪ್ಪು ಹಾಕುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ. ಹೊಸಬರು ನೋಡಿದರೆ ಏನೂ ನಡೆಯುತ್ತಿಲ್ಲ ಅಂದುಕೊಳ್ಳುತ್ತಾರೆ. ಆದರೆ ಹುಳು ಹಳೇ ಚರ್ಮ ಕಳಚಿ ದೊಡ್ಡದಾಗುವುದು ಆಗಲೇ. ಸಿನಿಮಾದಲ್ಲೂ ಮಗು ಪಾತ್ರದ ಒಳಗೆ ಇಳಿಯುವುದು ಇಂಥ ಹೊತ್ತಿನಲ್ಲಿ. ನೀವು ಆರಿಸಿದ ಚಿತ್ರದಲ್ಲಿ ಇಂಥ ಎರಡು ಮೂರು ಜಾಗವಾದರೂ ಇದೆಯಾ ನೋಡಿ. ಮಕ್ಕಳಿಗೆ ಬೇಜಾರಾಗುತ್ತದೆ ಅಂತ ಹೆದರಬೇಡಿ. ಅವತ್ತು ನಮ್ಮ ಮನೆಯಲ್ಲಿ ಒಬ್ಬರೂ ಅಲುಗಾಡಲಿಲ್ಲ. ಮಳೆ ಸದ್ದಿಗೆ ಅತ್ತೆ ಅಂದರು: “ದೊಡ್ಡ ಹುಳು ಸೊಪ್ಪು ತಿನ್ನೋ ಸದ್ದು ಇದ್ದಂಗೇ ಐತೆ.”

ದುಃಖದ ದೃಶ್ಯ ಬಂದಾಗ ರಿಮೋಟ್ ಮುಟ್ಟಬೇಡಿ. ಇದನ್ನು ಬೇಡಿಕೊಂಡು ಹೇಳುತ್ತೇನೆ. 1994ರ ‘ಲಯನ್ ಕಿಂಗ್’ನಲ್ಲಿ ಅಪ್ಪ ಸಿಂಹ ಸತ್ತುಬಿದ್ದಾಗ ಮರಿ ಅದನ್ನು ತಲೆಯಿಂದ ತಳ್ಳಿ ಎಬ್ಬಿಸಲು ನೋಡುತ್ತದೆ. ಕಿವಿ ಹಿಡಿದು ಎಳೆಯುತ್ತದೆ. ಕೊನೆಗೆ ಅಪ್ಪನ ಕಾಲಿನಡಿ ನುಸುಳಿ ಮಲಗುತ್ತದೆ. ಮಾವನವರು ತೀರಿಕೊಂಡ ವರ್ಷವೇ ಇದನ್ನು ನೋಡಿದ್ದು. ನನ್ನ ಮಗಳು ನನ್ನ ಸೆರಗು ಹಿಡಿದುಕೊಂಡು, “ತಾತನೂ ಏಳಲಿಲ್ಲ ಅಲ್ವಾ ಅಮ್ಮಾ?” ಅಂದಳು. ಆರು ತಿಂಗಳಿಂದ ಅವಳು ಆ ಮಾತೇ ಎತ್ತಿರಲಿಲ್ಲ. ನಾನು ಸಿನಿಮಾ ನಿಲ್ಲಿಸಲಿಲ್ಲ. ಹತ್ತಿರ ಎಳೆದುಕೊಂಡು ಕೂತೆ. ಮಗುವಿನ ಮುಂದೆ ದುಃಖ ಮುಚ್ಚಿಡದ, ಮಗುವನ್ನು ಅದರಲ್ಲೇ ಬಿಟ್ಟು ಹೋಗದ ಸಿನಿಮಾ ಬೇಕು. ತೀರಾ ಚಿಕ್ಕವರಿದ್ದರೆ ಮುಂಚೆಯೇ ನೋಡಿಕೊಂಡು, ಆ ದೃಶ್ಯ ಬರುವ ಹೊತ್ತಿಗೆ ಪಕ್ಕದಲ್ಲಿ ಕೂತಿರಿ.

ಹೊಸ ತಂತ್ರಜ್ಞಾನ ಅಂತ ಮರುಳಾಗಬೇಡಿ. 1995ರ ‘ಟಾಯ್ ಸ್ಟೋರಿ’ ಪೂರ್ತಿ ಕಂಪ್ಯೂಟರಿನಲ್ಲೇ ಮಾಡಿದ ಮೊದಲ ಪೂರ್ಣ ಪ್ರಮಾಣದ ಅನಿಮೇಷನ್ ಚಿತ್ರ. ಅದರಲ್ಲಿನ ಮನುಷ್ಯರ ಮುಖ, ಪಕ್ಕದ ಮನೆಯ ನಾಯಿ ಇವತ್ತು ನೋಡಿದರೆ ಪ್ಲಾಸ್ಟಿಕ್ ಅನ್ನಿಸುತ್ತವೆ. ಆದರೂ ಭಾವನವರ ಮಗ ಅದನ್ನು ನಾಲ್ಕು ಸಲ ನೋಡಿದ್ದಾನೆ. ಹೊಸ ಗೊಂಬೆ ಬಂದ ಮೇಲೆ ಹಳೇ ಗೊಂಬೆಗೆ ತನ್ನ ಜಾಗ ಹೋಯಿತು ಅನ್ನುವ ಭಯ. ಅವನು ಅದನ್ನು ನೋಡಿದ ವರ್ಷವೇ ಅವನಿಗೆ ತಂಗಿ ಹುಟ್ಟಿದ್ದು. 1937ರ ‘ಸ್ನೋ ವೈಟ್’ ಇನ್ನೂ ಹಳೆಯದು. ಅದರ ಏಳು ಕುಳ್ಳರಲ್ಲಿ ಒಬ್ಬ ಒಂದು ಮಾತೂ ಆಡುವುದಿಲ್ಲ. ನಮ್ಮ ಮಕ್ಕಳು ಅಂಗಳದಲ್ಲಿ ನಡೆದು ತೋರಿಸುವುದು ಅವನ ಹಾಗೇ.

ಗಳಿಕೆಯನ್ನೂ ನೆಚ್ಚಬೇಡಿ. 1940ರ ‘ಪಿನೋಕಿಯೋ’ ಯುದ್ಧದ ಕಾಲದಲ್ಲಿ ಬಂದು, ಯುರೋಪಿನ ಮಾರುಕಟ್ಟೆ ಮುಚ್ಚಿಹೋಗಿ ಮೊದಲ ಸಲ ನಷ್ಟ ಮಾಡಿತ್ತು. 1999ರ ‘ದಿ ಐರನ್ ಜೈಂಟ್’ ಥಿಯೇಟರಿನಲ್ಲಿ ಓಡಲೇ ಇಲ್ಲ. ಎರಡನ್ನೂ ಜನ ಇವತ್ತಿಗೂ ಹುಡುಕಿ ನೋಡುತ್ತಾರೆ.

ಇನ್ನು ನೋಡುವ ರಾತ್ರಿಯ ವಿಷಯ. 90 ನಿಮಿಷದ ಒಳಗಿನದು ಒಳ್ಳೆಯದು. ಊಟ ಮುಗಿಸಿಯೇ ಕೂರಿ. ತಟ್ಟೆ ಹಿಡಿದು ನೋಡಿದರೆ ಕಣ್ಣು ಎರಡು ಕಡೆ ಹೋಗುತ್ತದೆ. ಬೇಯಿಸಿದ ಕಡಲೆಕಾಯಿ ಪರವಾಗಿಲ್ಲ. ವಯಸ್ಸಾದವರನ್ನು ಮುಂದೆ ಕೂರಿಸಿ, ಮಕ್ಕಳನ್ನು ಅವರ ಮಗ್ಗುಲಿಗೆ ಬಿಡಿ. ಫೋನುಗಳೆಲ್ಲ ಒಳಗಿನ ರೂಮಿನಲ್ಲಿರಲಿ.

ಮುಗಿದ ತಕ್ಷಣ “ಹೇಗಿತ್ತು” ಅಂತ ಕೇಳಬೇಡಿ. ಮಾರನೇ ದಿನ ಮಕ್ಕಳ ಆಟ ನೋಡಿ. ಬರೀ ಹೊಡೆದಾಟ ಆಡಿದರೆ ಅದು ಒಂದು ವಾರದ ಸಿನಿಮಾ. ಪಾತ್ರ ಹಂಚಿಕೊಂಡು, ಸಿನಿಮಾದಲ್ಲಿ ಇಲ್ಲದ ಕತೆಯನ್ನು ಮುಂದುವರಿಸಿದರೆ ಆ ಸಿನಿಮಾ ತೆಗೆದಿಡಿ. ಒಂದು ತಿಂಗಳು ಬಿಟ್ಟು, ಯಾವ ದೃಶ್ಯ ನೆನಪಿದೆ ಅಂತ ಕೇಳಿ. ಟೊಟೊರೊ ನೋಡಿ ಮೂರು ಬೆಳೆ ಆದ ಮೇಲೂ ನನ್ನ ಮಗಳು ಮಳೆ ಬಂದರೆ ಕೊಡೆ ಹಿಡಿದು ಹುಣಸೆ ಮರದ ಕೆಳಗೆ ನಿಲ್ಲುತ್ತಾಳೆ. ಎಲೆಯಿಂದ ಹನಿ ಬೀಳಲಿ ಅಂತ ಕಾಯುತ್ತಾಳೆ.

ಈಗ ಹುಳು ಮೂರನೇ ಜ್ವರದಲ್ಲಿವೆ. ಸಿನಿಮಾಕ್ಕೆ ಇನ್ನೂ ಮೂರು ವಾರ ಇದೆ. ನಿನ್ನೆ ಸೊಪ್ಪು ಹೆಚ್ಚುತ್ತಾ ಅತ್ತೆ ಕೇಳಿದರು: “ಏನಮ್ಮಾ, ಆ ಮಳೆ ಸಿನಿಮಾ ಇನ್ನೊಂದ್ ಕಿತ ಹಾಕ್ತೀಯಾ?”