ವ್ಯೂಬೇಸ್ ಕೊಡುವ ಮೊದಲು ಪ್ರೊಜೆಕ್ಷನ್ ಟೈಪ್ ನೋಡಿಕೊಳ್ಳಿ

ಆಟೋಕ್ಯಾಡ್ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ತ್ರೀಡಿ ಮಾಡೆಲ್ ರೆಡಿ ಇದ್ದರೆ ಫ್ರಂಟ್, ಟಾಪ್, ಸೈಡ್ ವ್ಯೂಗಳಿಗೆ ಸುಮ್ನೆ ಮತ್ತೆ ಗೆರೆ ಎಳೆಯುತ್ತಾ ಕೂರಬೇಡಿ. ಲೇಔಟ್ ಟ್ಯಾಬ್‌ಗೆ ಹೋಗಿ, ಮಾಡೆಲ್‌ನಿಂದಲೇ ವ್ಯೂ ತಯಾರಿಸುವ ವ್ಯೂಬೇಸ್ (VIEWBASE) ಕಮಾಂಡ್ ಕೊಡಿ. ಫ್ರಂಟ್ ವ್ಯೂ ಇಟ್ಟು ಎಂಟರ್ ಒತ್ತಿ. ಆಮೇಲೆ ಮೌಸ್ ಸರಿಸಿದ ಕಡೆಗೆ ತಕ್ಕಂತೆ ಉಳಿದ ವ್ಯೂಗಳು ಬರುತ್ತವೆ. ಮಾಡೆಲ್ ಬದಲಾದರೆ ಇವನ್ನೂ ಅಪ್‌ಡೇಟ್ ಮಾಡಬಹುದು.

ಆದರೆ ಅದಕ್ಕೂ ಮೊದಲು ವ್ಯೂಎಸ್‌ಟಿಡಿ (VIEWSTD) ಕಮಾಂಡ್ ಕೊಟ್ಟು ಪ್ರೊಜೆಕ್ಷನ್ ಟೈಪ್, ಅಂದರೆ ಯಾವ ವ್ಯೂ ಯಾವ ಕಡೆ ಬರಬೇಕು ಅನ್ನುವ ಪದ್ಧತಿ, ನೋಡಿ. ತುಂಬಾ ಜನ ಎಡವುವುದು ಇಲ್ಲೇ. ನಮ್ಮ ಡಿಪ್ಲೊಮಾ, ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕಲಿಸುವುದು ಫಸ್ಟ್ ಆಂಗಲ್. ಟಾಪ್ ವ್ಯೂ ಫ್ರಂಟ್ ವ್ಯೂನ ಕೆಳಗೆ, ಎಡಗಡೆಯಿಂದ ಕಂಡದ್ದು ಬಲಕ್ಕೆ. ಅಮೆರಿಕದಲ್ಲಿ ಬಳಸುವ ಥರ್ಡ್ ಆಂಗಲ್‌ನಲ್ಲಿ ಪೂರ್ತಿ ಉಲ್ಟಾ. ಒಂದು ಬ್ರಾಕೆಟ್‌ನ ಎಡಬದಿಯಲ್ಲಿ ಮಾತ್ರ ತೂತು ಇದೆ ಅಂದುಕೊಳ್ಳಿ. ಓದುವವರು ಆಂಗಲ್ ತಪ್ಪು ತಿಳಿದರೆ ತೂತು ಬಲಬದಿಗೆ ಬೀಳುತ್ತದೆ. ಪೀಸ್ ಹಾಳು, ಅಲ್ವಾ?

ಇನ್ನೊಂದು ಮಾತು. ಈ ಸೆಟ್ಟಿಂಗ್ ಹೊಸದಾಗಿ ಮಾಡುವ ವ್ಯೂಗಳಿಗೆ ಮಾತ್ರ ಅನ್ವಯ. ಈಗಾಗಲೇ ಇಟ್ಟಿರುವ ವ್ಯೂಗಳು ಬದಲಾಗುವುದಿಲ್ಲ, ಅವನ್ನು ಅಳಿಸಿ ಮತ್ತೆ ಇಡಬೇಕು. ಡ್ರಾಯಿಂಗ್‌ನ ವಿವರ ಬರೆಯುವ ಟೈಟಲ್ ಬ್ಲಾಕ್‌ನಲ್ಲಿ ತುದಿ ಕತ್ತರಿಸಿದ ಕೋನ್‌ನ ಚಿಹ್ನೆ ಹಾಕುವುದನ್ನಂತೂ ದಯವಿಟ್ಟು ಬಿಡಬೇಡಿ. ಯಾವ ಆಂಗಲ್ ಅಂತ ವರ್ಕ್‌ಶಾಪ್‌ನವರಿಗೆ ಗೊತ್ತಾಗುವುದು ಅದರಿಂದಲೇ.