ಬಳ್ಳಾರಿಯಲ್ಲೇ ಕೂತು ಜೆಡ್ಡಾ ಟವರ್ ಏಳುವುದನ್ನು ನೋಡುವುದು ಹೇಗೆ?

ಬಳ್ಳಾರಿಯ ರಾಯಲ್ ಸರ್ಕಲ್ ಹತ್ತಿರ ನಾನು ಮನೆ ಪ್ಲಾನ್ ಹಾಕಿಕೊಡುತ್ತೇನೆ. ಸಂಜೆ ಕೆಲಸ ಮುಗಿದ ಮೇಲೆ ಸೌದಿಯ ಜೆಡ್ಡಾ ಟವರ್ ಎಲ್ಲಿಗೆ ಬಂತು ಅಂತ ನೋಡದಿದ್ದರೆ ಸಮಾಧಾನ ಇಲ್ಲ. 2013ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2025ರ ಜನವರಿಯಲ್ಲಿ ಮತ್ತೆ ಕೆಲಸ ಹಿಡಿದ ಕಟ್ಟಡ ಇದು. ಮುಗಿದರೆ 1,000 ಮೀಟರ್ ದಾಟುತ್ತದೆ. ಬುರ್ಜ್ ಖಲೀಫಾ ಇರುವುದು 828 ಮೀಟರ್.

ಮೊದಲು ಆರ್ಕಿಟೆಕ್ಟ್ ಏಡ್ರಿಯನ್ ಸ್ಮಿತ್ ಅವರ ವಿನ್ಯಾಸದ ಚಿತ್ರವನ್ನು ಪ್ರಿಂಟ್ ತೆಗೆಸಿ. ಕಟ್ಟಡಕ್ಕೆ ಮೂರು ರೆಕ್ಕೆ, ಅಂದರೆ ನಡುವಿನಿಂದ ಮೂರು ಕಡೆ ಚಾಚಿದ ಭಾಗಗಳು. ಮೂರೂ ಒಂದೇ ಎತ್ತರಕ್ಕೆ ಮುಗಿಯುವುದಿಲ್ಲ. ಹಾಗಾಗಿ ಕಾಮಗಾರಿಯ ಫೋಟೊದಲ್ಲಿ ಕಾಣುವುದು ಯಾವ ರೆಕ್ಕೆ ಅಂತ ಗುರುತಿಸಿಕೊಳ್ಳಿ. ಬುಡದಲ್ಲಿ ನಿಂತು ಮೇಲಕ್ಕೆ ತೆಗೆದ ಫೋಟೊ ಬೇಡವೇ ಬೇಡ. ಅದರಲ್ಲಿ ಮೇಲಿನ ಮಹಡಿಗಳು ಸುಮ್ನೆ ಕಿರಿದಾಗಿ ಕಾಣುತ್ತವೆ. ದೂರದಿಂದ ತೆಗೆದದ್ದನ್ನು ಆರಿಸಿ, ಬುಡದ ಅಗಲ ಸರಿಹೊಂದಿಸಿ, ಟ್ರೇಸಿಂಗ್ ಪೇಪರ್ ಮೇಲೆ ಅಂಚು ಎಳೆದು ಪ್ರಿಂಟ್ ಮೇಲಿಟ್ಟು ಎಲ್ಲಿಯವರೆಗೆ ಎದ್ದಿದೆ ನೋಡಿ. ಕ್ರೇನ್ ತುದಿಯನ್ನು ಎತ್ತರಕ್ಕೆ ಸೇರಿಸಬೇಡಿ.

ನನಗೆ ಜಾಸ್ತಿ ಇಷ್ಟವಾದದ್ದು ನೆರಳಿನ ಲೆಕ್ಕ. ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಉಚಿತ. ಒಂದು ಚುಕ್ಕಿ ಅಂದರೆ ನೆಲದ ಮೇಲೆ 10 ಮೀಟರ್. ನೆರಳಿನ ಉದ್ದ ಅಳೆದು, ಆ ಹೊತ್ತಿಗೆ ಸೂರ್ಯ ದಿಗಂತದಿಂದ ಎಷ್ಟು ಮೇಲಿದ್ದಾನೋ ಆ ಕೋನದ ಟ್ಯಾನ್‌ನಿಂದ (ಕ್ಯಾಲ್ಕುಲೇಟರ್‌ನ tan) ಗುಣಿಸಿ. 45 ಡಿಗ್ರಿ ಇದ್ದರೆ ನೆರಳಿನಷ್ಟೇ ಎತ್ತರ, ಸುಲಭ ಅಲ್ವಾ? ಚಳಿಗಾಲದ ಚಿತ್ರ ಒಳ್ಳೆಯದು, ನೆರಳು ಉದ್ದ ಬಿದ್ದಿರುತ್ತದೆ. ಮೊದಲು ಬುರ್ಜ್ ಖಲೀಫಾ ನೆರಳು ಅಳೆದು ಕೈ ಕೂರಿಸಿಕೊಳ್ಳಿ. ಉತ್ತರ 828ರ ಆಸುಪಾಸು ಬರಬೇಕು.